ಟೀ ಲೋಟದೊಳಗೆ ಐದು ಗುಂಡು

ದೇವರು ನನಗೆ ಎರಡು ಕಣ್ಣು ಕೊಟ್ಟ, ಸರಿ. ಎರಡಕ್ಕೂ ಒಂದೇ ಸ್ವಿಚ್ಚು ಇಟ್ಟುಬಿಟ್ಟ. ಎಡಗಣ್ಣು ಮುಚ್ಚಲು ಹೋದರೆ ಬಲಗಣ್ಣೂ ಮುಚ್ಚಿಕೊಳ್ಳುತ್ತದೆ. ಇದರಿಂದ ನನಗಾಗಲಿ ಊರಿಗಾಗಲಿ ಏನೂ ನಷ್ಟವಾಗಿರಲಿಲ್ಲ. ಕೋಲಾರದ ಕಾಲೇಜಿಗೆ ಸೇರಿ, ಖಾಕಿ ತೊಟ್ಟು ಕೆಡೆಟ್ ಆಗಿ, ಕೈಗೆ ರೈಫಲ್ ಬಂದ ದಿನ ಗುಟ್ಟು ರಟ್ಟಾಯಿತು.

ನಮಗೆ ಕಲಿಸಲು ಮಿಲಿಟರಿಯಿಂದ ಒಬ್ಬ ಹವಾಲ್ದಾರರು ಬಂದಿದ್ದರು. ಬೆಳಗಾವಿ ಕಡೆಯವರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದೆವು. ನಾನು ಬೋರಲು ಮಲಗಿ ಗುರಿ ಹಿಡಿಯುವುದನ್ನು ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು.

"ಯವ್ವಾ, ಒಂದು ಕಣ್ಣು ಮುಚ್ಚು ಅಂದ್ರ ಮಲ್ಕೊಂಡ್ಬಿಟ್ಟಿಯಲ್ಲ."

ಕರ್ಚೀಫು ಕಟ್ಟಿಕೊಳ್ಳಲಾ ಸರ್ ಎಂದು ಕೇಳಿದೆ. "ನೀ ಕರ್ಚೀಫ್ ಕಟ್ಟೋತನಕ ವೈರಿ ಚಾ ಕುಡ್ಕೊಂತ ಕುಂತಿರ್ತಾನೇನು?" ಅಂದರು. ಅಲ್ಲಿಗೆ ಆ ದಾರಿ ಮುಚ್ಚಿತು.

ಪರೀಕ್ಷೆ ಮುಂದಿನ ವಾರ. ಐದು ಗುಂಡು ಹಾರಿಸಬೇಕು. ಆಮೇಲೆ ಉಸ್ತಾದ್ ಗುರಿ ಹಾಳೆಯ ಮೇಲೆ ತಮ್ಮ ಟೀ ಲೋಟ ಬೋರಲು ಹಾಕುತ್ತಾರೆ. ಐದು ತೂತೂ ಲೋಟದ ಬಾಯೊಳಗೆ ಕೂತಿದ್ದರೆ ಶೂಟಿಂಗ್ ಕ್ಯಾಂಪಿಗೆ ಹೋಗಬಹುದು, ಒಂದು ಹೊರಗಿದ್ದರೂ ಇಲ್ಲ. ನನಗೋ, ರೈಫಲ್‌ನ ಎಣ್ಣೆ ವಾಸನೆಯ ಹುಚ್ಚೇ ಹಿಡಿದುಹೋಗಿತ್ತು. ಯಾವ ಸೀರೆಗೂ, ಯಾವ ಓಲೆಗೂ ಅಷ್ಟು ಆಸೆಪಟ್ಟವಳಲ್ಲ ನಾನು. ಸಾಲದ್ದಕ್ಕೆ, ಕ್ಯಾಂಪಿಗೆ ಆಯ್ಕೆಯಾಗಿಯೇಬಿಟ್ಟೆ ಎಂದು ನಮ್ಮೂರು ವಕ್ಕಲೇರಿಯ ಹಾಲಿನ ಡೈರಿ ಸಾಲಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ಸರಿ, ಅಭ್ಯಾಸಕ್ಕೆ ಇಳಿದೆ. ಬಸ್ಸಿನಲ್ಲಿ, ಹಿತ್ತಲಲ್ಲಿ, ಹಾಲಿನ ಕ್ಯಾನು ಹಿಡಿದು ನಿಂತ ಕಡೆ, ಎಲ್ಲೆಂದರಲ್ಲಿ ಎಡಗಣ್ಣು ಮುಚ್ಚುವ ಪ್ರಯತ್ನ. ಮೂರನೆಯ ದಿನ ಡೈರಿಯ ಸೆಕ್ರೆಟರಿ ನಮ್ಮ ಮನೆ ಬಾಗಿಲಿಗೇ ಬಂದು ಅಮ್ಮನನ್ನು ಕರೆದರು.

"ಏನಮ್ಮಾ, ನಿಮ್ಮ ಹುಡುಗಿ ಬೆಳಿಗ್ಗೆ ಬೆಳಿಗ್ಗೆನೇ ಮುಖ ಸೊಟ್ಟ ಮಾಡ್ಕೊಂಡು ನನಗೆ ಕಣ್ಣು ಹೊಡೀತಾಳೆ. ನಂಗೆ ಮೊಮ್ಮಗು ಹುಟ್ಟೈತೆ ಕಣಮ್ಮ."

ಅಮ್ಮ ಅವರ ಮುಂದೆ ನನಗೆ ಚೆನ್ನಾಗಿ ಬೈದಳು. ಅವರು ಬೀದಿ ತಿರುಗಿದ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು. ಆಮೇಲೆ ವಿಷಯ ಕೇಳಿ, "ನಾನು ಗುಡಿಯಲ್ಲಿ ಹೇಳ್ಕೊಂಡ್ ಬರ್ತೀನಿ, ಬಿಡು" ಅಂದಳು.

ಪರೀಕ್ಷೆಯ ಬೆಳಿಗ್ಗೆ ಗುಡಿಯ ಕುಂಕುಮವನ್ನು ಎಂಟಾಣೆ ಅಗಲಕ್ಕೆ ನನ್ನ ಹಣೆಗೆ ಒತ್ತಿದಳು. ಯೂನಿಫಾರ್ಮಿನಲ್ಲಿ ಅದು ಕೂಡದು. ಅಳಿಸಲು ಮನಸ್ಸಾಗದೆ ಟೋಪಿಯನ್ನು ಮುಂದಕ್ಕೆ ಎಳೆದು ಮುಚ್ಚಿಕೊಂಡೆ.

ಬೆಟ್ಟದ ಬುಡದ ಶೂಟಿಂಗ್ ಮೈದಾನದಲ್ಲಿ ಬಿಸಿಲು ಆಗಲೇ ಕಾದಿತ್ತು. ನಾನು ಚಾಪೆಯ ಮೇಲೆ ಮಲಗಿ ಗುರಿ ನೋಡಿದರೆ ಒಂದರ ಜಾಗದಲ್ಲಿ ಎರಡು ಕಾಣುತ್ತಿದೆ. ಎಡಗಣ್ಣು ಮುಚ್ಚಿದರೆ ಒಂದೂ ಇಲ್ಲ. ಮುಗಿಯಿತು ಕಥೆ ಅಂದುಕೊಂಡೆ. ಅಷ್ಟರಲ್ಲಿ ಟೋಪಿಯ ಕೆಳಗಿಂದ ಬೆವರು ಇಳಿಯಿತು, ಬೆವರಿನ ಜೊತೆ ಕುಂಕುಮವೂ ಇಳಿದು ಸೀದಾ ಎಡಗಣ್ಣಿಗೆ ಹೋಯಿತು. ಅಬ್ಬಾ, ಏನು ಉರಿ. ಕಣ್ಣು ತಾನಾಗಿ ಬಿಗಿಯಾಗಿ ಮುಚ್ಚಿಕೊಂಡಿತು, ಅದೊಂದೇ. ಬಲಗಣ್ಣಿಗೆ ಗುರಿ ಒಂದೇ ಒಂದಾಗಿ, ಕಪ್ಪಗೆ, ಸ್ಪಷ್ಟವಾಗಿ ನಿಂತಿತ್ತು. ನನಗೆ ಉರಿಯೂ ನಗುವೂ ಒಟ್ಟಿಗೇ ಬಂತು. ಉಸಿರು ಹಿಡಿದು ಹೊಡೆದೆ. ರೈಫಲ್ಲಿನ ಒದೆತ ಕರು ಮೂತಿಯಿಂದ ತಿವಿದಷ್ಟು ಭುಜಕ್ಕೆ ತಾಗಿತು. ಇನ್ನೊಂದು, ಮತ್ತೊಂದು, ನಾಲ್ಕನೆಯದು.

"ಸ್ಟಾಪ್, ಎಲ್ಲಾರೂ ಸ್ಟಾಪ್" ಎಂದು ಉಸ್ತಾದ್ ಕೂಗಿಕೊಂಡು ಓಡಿ ಬಂದರು. ನನ್ನ ಕೆನ್ನೆಯ ಮೇಲೆ ಕೆಂಪು ಹರಿಯುತ್ತಿತ್ತು.

"ಯವ್ವಾ, ಕಣ್ಣಿಗೇನು ಬಡೀತು?"

"ಕುಂಕುಮ ಸರ್."

ಸಾಲಿನಲ್ಲಿ ಬೋರಲು ಮಲಗಿದ್ದವರೆಲ್ಲ ಮಲಗಿದಲ್ಲೇ ಕುಲುಕಾಡಿದರು. ಉಸ್ತಾದ್ ಮಾತ್ರ ನಗಲಿಲ್ಲ. ತಮ್ಮ ಬಾಟಲಿಯ ನೀರಿನಿಂದ ನನ್ನ ಕಣ್ಣನ್ನು ನಾನು ಬೇಡ ಬೇಡ ಅನ್ನುತ್ತಿದ್ದರೂ ಚೆನ್ನಾಗಿ ತೊಳೆಸಿದರು. "ಇನ್ನೊಂದು ಗುಂಡು ಐತಿ. ಅದು ಹೊರಗ ಬಿತ್ತಂದ್ರ ಮೊದಲಿನ ನಾಲ್ಕೂ ದಂಡ" ಅಂದು ಹಿಂದೆ ಸರಿದರು.

ಮತ್ತೆ ಮಲಗಿದೆ. ಎರಡೂ ಕಣ್ಣು ತಣ್ಣಗೆ, ಹಾಯಾಗಿ ತೆರೆದುಕೊಂಡಿವೆ. ಮತ್ತೆ ಎರಡು ಗುರಿ. ಅಳುವೇ ಬಂತು. ಆಗ ನೆನಪಾಯಿತು, ಅಮ್ಮ ಬಳಿದದ್ದು ಎಂಟಾಣೆ ಅಗಲ, ಇಳಿದದ್ದು ನಾಲ್ಕಾಣೆಯಷ್ಟೇ. ಟೋಪಿಯ ಕೆಳಗೆ ಬೆರಳು ತೂರಿಸಿ, ಉಳಿದದ್ದನ್ನು ಉಜ್ಜಿ ತೆಗೆದು, ಎಡಗಣ್ಣಿಗೆ ನಾನೇ ಒರೆಸಿಕೊಂಡೆ. ಕಣ್ಣು ಮುಚ್ಚಿತು. ಹೊಡೆದೆ.

ಉಸ್ತಾದ್ ಹಾಳೆಯ ಮೇಲೆ ಲೋಟ ಇಟ್ಟರು, ಎತ್ತಿದರು, ಇನ್ನೊಮ್ಮೆ ಇಟ್ಟರು. ಐದೂ ಒಳಗಿದ್ದವು. "ಕ್ಯಾಂಪಿಗೆ ಬರೋವಾಗ ಕುಂಕುಮದ ಭರಣಿನ ತೊಗೊಂಡು ಬಾ" ಅಂದರು, ಈ ಸಲ ನಗುತ್ತಾ.

ಹಾಳೆ ಮಡಚಿ ಎದೆಗೆ ಅವುಚಿಕೊಂಡು ವಕ್ಕಲೇರಿ ಬಸ್ಸಿಳಿದು ಮನೆಗೆ ಓಡಿದೆ. ಕೆಂಡದಂತಿದ್ದ ನನ್ನ ಕಣ್ಣು ನೋಡಿದ್ದೇ ಅಮ್ಮ ಹಾಲು ಕರೆಯುವುದು ಬಿಟ್ಟು ಎದ್ದಳು. ಕನಿಕರ ಬಂದರೆ ಅವಳಿಗೆ ತೆಲುಗು ಬರುತ್ತದೆ. "ಅಯ್ಯೋ ನಾ ತಲ್ಲೀ, ಹೋದ್ರೆ ಹೋಗ್ಲಿ ಬಿಡು, ಅಳಬೇಡ ಕಣೇ" ಎಂದು ತಲೆ ಸವರಿದಳು. ನಾನು ಹಾಳೆ ಬಿಚ್ಚಿ ಹಿಡಿದೆ.

ಅಮ್ಮ ಬೆರಳಿಟ್ಟು ಎಣಿಸಿದಳು. "ಮೂರೇ ತೂತು ಇದೆಯಲ್ಲೇ. ಇನ್ನೆರಡು ಯಾರ ತಲೆಗೆ ಹೊಡೆದೆ?"

"ಮೂರು ಗುಂಡು ಒಂದೇ ಕಡೆ ಹೋಗಿದೆ ಕಣಮ್ಮ. ಆ ದೊಡ್ಡ ತೂತು ನೋಡು."

ಅಮ್ಮ ಹಾಳೆಯನ್ನು ಬೆಳಕಿಗೆ ಎತ್ತಿದಳು. ಆ ತೂತನ್ನು ಬಲಗಣ್ಣಿಗೆ ಹಿಡಿದು, ಎಡಗಣ್ಣನ್ನು ಸಲೀಸಾಗಿ ಮುಚ್ಚಿ, ಅದರೊಳಗಿಂದ ನನ್ನನ್ನೇ ನೋಡುತ್ತಾ ನಿಂತಳು.

"ಕಾಣ್ತಿದ್ದೀಯ ಕಣೇ" ಅಂದಳು. "ಪೂರ್ತಿ ಕಾಣ್ತಿದ್ದೀಯ."