ಹಸೀನಳ ಎರಡು ಜೊತೆ ಯೂನಿಫಾರ್ಮ್

ವಾರಿಜಾಕ್ಷಿ ಕಾಪುವಿನವಳು. ಗಂಡ ತೀರಿಕೊಂಡ ಮೇಲೆ ಮಗಳು ಅಶ್ಮಿತಾಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ದುಬೈಗೆ ಬಂದಳು. ಜೆಬೆಲ್ ಅಲಿ ಬಂದರಿನಾಚೆಯ ಮರಳಿನಲ್ಲಿದ್ದ ನರ್ಸರಿಯೊಂದರಲ್ಲಿ ಒಂಬತ್ತು ವರ್ಷ ಸಸಿ ಬೆಳೆಸಿದಳು. ಕಾಡು ಬೆಳೆಸುವ ಜಾಗಗಳಿಗೆ ಅಲ್ಲಿಂದ ಗಾಫ್ ಗಿಡಗಳು ಹೋಗುತ್ತಿದ್ದವು. ನಮ್ಮ ಬನ್ನಿಯೇ ಇಲ್ಲಿ ಗಾಫ್ ಎಂದು ಎಲೆ ನೋಡಿದ ದಿನವೇ ಅವಳಿಗೆ ಗೊತ್ತಾಗಿತ್ತು. ಹನ್ನೊಂದು ಹೆಂಗಸರ ತಂಡಕ್ಕೆ ಅವಳೇ ಮುಂದಾಳು.

ಕಂಪನಿ ಕೊಟ್ಟ ಯೂನಿಫಾರ್ಮ್ ಗಂಡಸರ ಅಳತೆಯದು. ಕಡು ಹಸಿರಿನ ದಪ್ಪ ಪಾಲಿಯೆಸ್ಟರ್, ಬೆರಳು ಮುಚ್ಚುವಷ್ಟು ಉದ್ದದ ತೋಳು. ರಜೆಯ ದಿನ ವಾರಿಜಾಕ್ಷಿ ಕಾರ್ಮಿಕರ ಕ್ಯಾಂಪಿನ ಕೋಣೆಯಲ್ಲಿ ಕೂತು ಎಲ್ಲರದ್ದನ್ನೂ ಬಿಚ್ಚಿ ಹೊಲಿದುಕೊಡುತ್ತಿದ್ದಳು. ಉಳ್ಳಾಲದ ಹುಡುಗಿ ಹಸೀನ ಕೆಲಸಕ್ಕೆ ಸೇರಿದಾಗ ಪ್ಯಾಂಟನ್ನು ಒಂದು ಗೇಣು ಕತ್ತರಿಸಬೇಕಾಯಿತು. “ಇದ್ರಲ್ಲಿ ನನ್ನಂಥವರು ಇಬ್ರು ಹಿಡೀತಾರೆ ವಾರಿಜಕ್ಕ,” ಎಂದು ನಕ್ಕಿದ್ದಳು.

ಒಂಬತ್ತನೇ ವರ್ಷದ ಜೂನ್‌ನಲ್ಲಿ ಕೊಲ್ಲಿಯಲ್ಲಿ ಯುದ್ಧ ಶುರುವಾಯಿತು. ವಿಮಾನಗಳು ನಿಂತವು. ಬಂದರಿನಲ್ಲಿ ಸರಕು ರಾಶಿ ಬಿದ್ದು, ಫೋರ್‌ಮನ್ ಒಬ್ಬನನ್ನು ಬಿಟ್ಟು ನರ್ಸರಿಯ ಗಂಡಸರನ್ನೆಲ್ಲ ಕಂಪನಿ ಅಲ್ಲಿನ ಗೋದಾಮಿಗೆ ಕಳಿಸಿತು. ಪೈಪು, ಗೊಬ್ಬರದ ಮೂಟೆ, ಗುದ್ದಲಿ ಎಲ್ಲ ಹೆಂಗಸರ ತಲೆಗೆ ಬಂತು. ಭದ್ರತೆಯವರಿಗೆ ದೂರದಿಂದ ಗುರುತು ಸಿಗಲೆಂದು ಯೂನಿಫಾರ್ಮಿನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಬೇರೆ.

ನಾಲ್ಕನೇ ವಾರ ನೀರಿನ ಪಂಪು ಕೆಟ್ಟಿತು. ಬಿಡಿಭಾಗ ಬರಬೇಕಾದ ಹಡಗು ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಫೋರ್‌ಮನ್ ಗುಣಪಾಲ, ಅವನೂ ಉಡುಪಿ ಕಡೆಯವನೇ, ಕ್ಯಾನುಗಳಲ್ಲಿ ನೀರು ಹೊರಲು ಹೇಳಿದ. “ಮಧ್ಯಾಹ್ನದ ಬ್ರೇಕ್ ಇವತ್ತು ಬೇಡ. ಗಿಡ ಸತ್ರೆ ನನ್ನ ಕೆಲ್ಸವೂ ಖಲಾಸ್, ನಿಮ್ದೂ ಖಲಾಸ್.”

ಒಂದು ಗಂಟೆಯ ಹೊತ್ತಿಗೆ ಹಸೀನ ಕ್ಯಾನ್ ಕೆಳಗಿಟ್ಟಳು. “ಅಕ್ಕ, ಈ ಜಾಕೆಟ್ ಒಂಚೂರು ತೆಗೀಲಾ? ತಲೆ ತಿರುಗ್ತಾ ಉಂಟು.”

ಗುಣಪಾಲ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದ. “ಬೇಡ ಮಾರಾಯ್ತಿ, ಅವ ಬೊಬ್ಬೆ ಹಾಕ್ತಾನೆ. ಇನ್ನೊಂದು ಸಾಲು ಮುಗಿಸು, ಮತ್ತೆ ಕೂತ್ಕೊ,” ಎಂದಳು ವಾರಿಜಾಕ್ಷಿ.

ಸಾಲಿನ ಅರ್ಧಕ್ಕೇ ಹಸೀನ ಬಿದ್ದಳು. ಮೈ ಕೆಂಡವಾಗಿತ್ತು, ಬೆವರೇ ಇರಲಿಲ್ಲ. ಗಿಡಕ್ಕೆಂದು ತಂದ ನೀರನ್ನೆಲ್ಲ ಅವಳ ಮೇಲೆ ಸುರಿದರು. ಆಸ್ಪತ್ರೆಯಲ್ಲಿ ಯೂನಿಫಾರ್ಮನ್ನು ಕತ್ತರಿಸಿ ತೆಗೆದರು. ಸಂಜೆಯೊಳಗೆ ಜೀವ ಹೋಯಿತು.

ಊರಿಗೆ ಕಳಿಸಲು ವಿಮಾನವಿರಲಿಲ್ಲ. ಅಲ್ಲೇ ದಫನ ಮಾಡಿದರು. ಹಸೀನಳ ಅಣ್ಣ ರಿಝ್ವಾನ್ ಉಳ್ಳಾಲದಲ್ಲಿ ಕೂತು ಫೋನಿನಲ್ಲಿ ಎಲ್ಲ ನೋಡಿದ. ಕೊನೆಗೆ ಕೇಳಿದ: “ಅವಳು ಕಡೆಗೆ ಎಂತಾದ್ರೂ ಹೇಳಿದ್ಲಾ ಅಕ್ಕ?”

“ಇಲ್ಲ,” ಎಂದಳು ವಾರಿಜಾಕ್ಷಿ.

ವಾರ ಕಳೆದು ಗುಣಪಾಲ ಒಂದು ಕಾಗದ ಹಿಡಿದು ಬಂದ. “ಅವಳ ವೀಸಾ ಕ್ಯಾನ್ಸಲ್ ಮಾಡ್ಲಿಕ್ಕೆ ಎರಡು ಜೊತೆ ಯೂನಿಫಾರ್ಮ್ ವಾಪಸ್ ಬೇಕಂತೆ. ಒಂದೇ ಉಂಟಲ್ಲ?” ವಾರಿಜಾಕ್ಷಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ವಾರಿಜಾಕ್ಷಿ ತನ್ನದೊಂದು ಜೊತೆಯನ್ನು ಒಗೆದು, ಮಡಚಿ ಕೊಟ್ಟಳು.

ಯುದ್ಧ ನಿಂತಿತು. ಗಂಡಸರು ಹಿಂದಿರುಗುವಷ್ಟರಲ್ಲಿ ಮುಕ್ಕಾಲು ಪಾಲು ಸಸಿಗಳು ಒಣಗಿದ್ದವು. ಕಂಪನಿ ನರ್ಸರಿ ಮುಚ್ಚಿ ಹೆಂಗಸರನ್ನೆಲ್ಲ ಊರಿಗೆ ಕಳಿಸಿತು.

“ಇನ್ನು ಎಲ್ಲಿಗೂ ಹೋಗ್ಬೇಡ ಅಮ್ಮ,” ಎಂದಳು ಅಶ್ಮಿತಾ. ವಾರಿಜಾಕ್ಷಿ ಆಗಲಿ ಎಂದು ತಲೆಯಾಡಿಸಿದಳು. ಉಳ್ಳಾಲಕ್ಕೆ ಮಾತ್ರ ಮೂರು ಸಲ ಹೊರಟಳು. ಮೂರು ಸಲವೂ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಇಳಿದು, ಉಳ್ಳಾಲದ ಬಸ್ಸು ಹೊರಟುಹೋಗುವುದನ್ನು ನೋಡಿ, ಮನೆಗೆ ಮರಳಿದಳು. ರಿಝ್ವಾನ್ ಹಬ್ಬಕ್ಕೆ ಈಗಲೂ ಫೋನ್ ಮಾಡುತ್ತಾನೆ. ಅವಳು ಎತ್ತುವುದಿಲ್ಲ.