ಕೊನೆಯ ವ್ಯಾಗನ್ನಿನ ಡಬ್ಬಿ ಮತ್ತು ನಾನು

ಡಬ್ಬಿ ಕೆಟ್ಟಿರಲಿಲ್ಲ. ಈ ಒಂದು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಬರೆಯೋಣ ಅಂದುಕೊಂಡಿದ್ದೆ.

ನಾನು ಗೂಡ್ಸ್ ರೈಲಿನ ಗಾರ್ಡ್. ಈಗ ಹಾಗೆ ಕರೆಯುವಂತಿಲ್ಲ, ‘ಟ್ರೇನ್ ಮ್ಯಾನೇಜರ್’ ಅನ್ನಬೇಕು.

ಗಾರ್ಡ್ ಆಗಿದ್ದಾಗ ರೈಲಿನ ಬಾಲಕ್ಕೆ ನನ್ನದೇ ಒಂದು ಬ್ರೇಕ್ ವ್ಯಾನ್ ಇತ್ತು, ಮೈಯೆಲ್ಲ ಕುಲುಕಿಸುವಂಥದ್ದು. ಮ್ಯಾನೇಜರ್ ಆದ ಮೇಲೆ ಅದೂ ಹೋಯಿತು. ಶಹಾಪುರದಲ್ಲಿ ನಮ್ಮ ಅತ್ತೆ ಮಾತ್ರ ಓಣಿಗೆಲ್ಲ ಪೇಡೆ ಹಂಚಿದ್ದರು.

ಹೋದ ವಾರ ಯಾದಗಿರಿ ಹತ್ತಿರ ಹೊಸ ಪ್ರಯೋಗ. ವ್ಯಾನ್ ತೆಗೆದು ಕೊನೆಯ ವ್ಯಾಗನ್ನಿಗೆ ಒಂದು ಡಬ್ಬಿ ಸಿಕ್ಕಿಸಿದರು. ರೈಲು ಇಡಿಯಾಗಿದೆಯೇ, ಬ್ರೇಕಿನ ಗಾಳಿ ಬಾಲದವರೆಗೆ ತಲುಪುತ್ತಿದೆಯೇ ಎಂದು ಅದೇ ಇಂಜಿನ್ನಿಗೆ ತಿಳಿಸುತ್ತದೆ. ಅದು ಪಾಸಾದರೆ ನಾನು ಆಫೀಸಿನ ಕುರ್ಚಿಗೆ.

ನನ್ನನ್ನು ಇಂಜಿನ್ನಿನಲ್ಲಿ ಲೋಕೋ ಪೈಲಟ್‌ನ ಹಿಂದೆ ಕೂರಿಸಿದರು. ಮ್ಯಾನೇಜ್ ಮಾಡಲು ಉಳಿದದ್ದು ನನ್ನ ಬುತ್ತಿಗಂಟು ಮಾತ್ರ...

ಒಂದು ಗೇಟನ್ನು ನಿಧಾನವಾಗಿ ದಾಟಿದೆವು. ಸ್ವಲ್ಪ ಮುಂದೆ ಸಿಗ್ನಲ್ ಕೆಂಪಾಯಿತು. ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರರ ಗಾಬರಿಯ ದನಿ: ‘ಮೇಡಂ, ನಿಮ್ಮ ಗಾಡಿ ತುಂಡಾಗೈತಂತ್ರಿ! ಗೇಟಿನಿಂದ ಫೋನ್ ಬಂದೈತಿ.’

ಎದುರಿನ ಸ್ಕ್ರೀನ್ ಎಲ್ಲ ಸರಿಯಿದೆ ಎನ್ನುತ್ತಿದೆ. ಆದರೂ ಇಳಿದೆ, ಜಲ್ಲಿಕಲ್ಲಿನ ಮೇಲೆ ಬಾಲದವರೆಗೆ ನಡೆದೆ.

ಡಬ್ಬಿ ತನ್ನ ಪಾಡಿಗೆ ಕಣ್ಣು ಮಿಟುಕಿಸುತ್ತಿತ್ತು. ಗೇಟ್‌ಮನ್ ಕೆಂಪು ಬಾವುಟ ಹಿಡಿದು ಓಡಿ ಬಂದ.

‘ಉಳಿದ ಗಾಡಿ ಎಲ್ಲೈತಿ?’ ಅಂದೆ.

‘ಅದನ್ನ ನಾ ನಿಮಗ ಕೇಳಾಕತ್ತೇನ್ರಿ ಮೇಡಂ! ಹಸರು ಬಾವುಟ ತೋರಿಸ್ಕೋತ ನಿಂತೇನಿ, ತಿರುಗಿ ತೋರ್ಸಾಕ ವ್ಯಾನೂ ಇಲ್ಲ, ನೀವೂ ಇಲ್ಲ! ಬಾಲ ಹರದು ಹಿಂದ ಬಿದ್ದೈತಿ ಅಂದ್ಕೊಂಡೆ.’

ಅವನು ಮಾಡಿದ್ದು ಕಲಿಸಿದ ಕೆಲಸವನ್ನೇ. ಡಬ್ಬಿಯ ಬಗ್ಗೆ ಎಲ್ಲ ಸಾಹೇಬರಿಗೂ ಮೀಟಿಂಗ್ ಆಗಿತ್ತು, ಚಹಾ ಬಿಸ್ಕೀಟೂ ಆಗಿತ್ತು. ರೈಲಿನ ಬಾಲ ನೋಡುವವನಿಗೆ ಹೇಳುವುದಷ್ಟೇ ಬಾಕಿ.

ಅವನ ಹಿಂದೆ ಕುರಿ ಹಿಂಡು. ಕಾಲುವೆ ನೀರಿನ ಗದ್ದೆಗಳ ಕೊಯ್ಲು ಮುಗಿದಿದೆಯೆಂದು ಬೋನಾಳ ಕಡೆಯಿಂದ ಮೇಯಿಸಲು ಬಂದ ಕುರಿಗಾರ, ಅವು ಹಳಿ ದಾಟದಂತೆ ತಡೆದು ನಿಂತಿದ್ದ.

‘ಗಾರ್ಡಮ್ಮ ಕಾಣಲಿಲ್ಲಂದ್ರ ಗಾಡಿ ಮುಗೀತಂತ ಹೆಂಗ ಅನ್ನೂದು? ನೀ ಯಾಕವ್ವ ಮುಂದ ಹೋಗಿ ಕುಂತಿ, ಪ್ರಮೋಷನ್ನೇನು?’ ಅಂದ ಕುರಿಗಾರ.

‘ಹೌದು’ ಅಂದೆ.

‘ಛಲೋ ಆತು ಬಿಡು. ಧೂಳರ ತಪ್ಪಿತು.’

ಇಂಜಿನ್ನಿಗೆ ಮರಳಿದಾಗ ಲೋಕೋ ಪೈಲಟ್ ದನಿ ತಗ್ಗಿಸಿದ. ‘ಮೇಡಂ, ವಿಚಾರಣಿಯೊಳಗ ಸ್ಕ್ರೀನ್ ಜರಾ ಹೊತ್ತು ಆರಿತ್ತು ಅಂದುಬಿಡ್ರಿ. ನಿಮ್ಮ ವ್ಯಾನ್ ವಾಪಸ್ ಬರ್ತೈತಿ. ನಾ ಹೂಂ ಅಂತೀನಿ.’

ಬಾಯಿಲ್ಲದ ಡಬ್ಬಿಯ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ! ಮನುಷ್ಯರಾಗಿದ್ದರೆ ಯೂನಿಯನ್ನಿಗಾದರೂ ಹೋಗುತ್ತಿದ್ದರು.

ವ್ಯಾನ್ ಬೇಕು ಅನ್ನುವುದು ರೈಲಿನ ಸುರಕ್ಷತೆಗೋ, ಗೇಟು ಗೇಟಿನಲ್ಲೂ ಯಾರಾದರೂ ನನ್ನ ದಾರಿ ಕಾಯುತ್ತಾರೆಂಬ ಖುಷಿಗೋ? ನನಗೇ ಸರಿಯಾಗಿ ಗೊತ್ತಿಲ್ಲ. ಗೊತ್ತಿಲ್ಲದೆ ಸುಳ್ಳು ಹೇಳುವುದು ಇನ್ನೂ ಕಷ್ಟ.

ವಿಚಾರಣೆ ಗುರುವಾರ. ಸಾಹೇಬರ ಎದುರು ನನ್ನ ನಾಲಿಗೆ ಸುಳ್ಳಿಗೆ ಹೊರಳದಿರಲಿ ಎಂದು ಇದನ್ನು ಹಿಂದಿನ ದಿನವೇ ಎಲ್ಲರೂ ಓದುವಂತೆ ಪೋಸ್ಟ್ ಮಾಡುತ್ತೇನೆ: ಬುಧವಾರ, ಜನವರಿ ಹನ್ನೆರಡು.