ಸಾವಿತ್ರಕ್ಕನ ಬೆರಳು, ನನ್ನ ಕರ್ಚೀಫು

ಮೊದಲಿಗೇ ಸಾರಿ ಕೇಳುತ್ತೇನೆ. ಇಂಜಿನಿಯರಿಂಗ್ ಫಸ್ಟ್ ಇಯರ್ ಹುಡುಗಿ ನಾನು, ಮುಂಬೈ ಕನ್ನಡಿಗರ ಈ ಗ್ರೂಪಿನಲ್ಲಿ ಬರೆಯುವಷ್ಟು ದೊಡ್ಡವಳಲ್ಲ. ಓದಿದ್ದೆಲ್ಲ ಹಾಸ್ಟೆಲ್‌ನಲ್ಲಿದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಕನ್ನಡ ತಪ್ಪಿದ್ದರೆ ಬೈಯಬೇಡಿ. ಆದರೆ ಇವತ್ತು ಬರೆಯಲೇಬೇಕು.

ನಿನ್ನೆ ಶನಿವಾರ ಸಂಜೆ ದಾದರ್‌ನಲ್ಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿ, ಮೂವರ ಸೀಟಿನಲ್ಲಿ ನಾನು ನಾಲ್ಕನೆಯವಳು. ಅರ್ಧ ಮಾತ್ರ ಕೂತಿದ್ದೆ.

ಪಕ್ಕದಲ್ಲೊಬ್ಬರು ಬೈಕುಲ್ಲಾ ಮಾರ್ಕೆಟ್ಟಿನಿಂದ ತಂದ ಬೀನ್ಸನ್ನು ತೊಡೆಯ ಮೇಲೆ ಹರಡಿಕೊಂಡು ಹೆಚ್ಚುತ್ತಿದ್ದರು. ಮುಂಬೈಗೆ ಬಂದ ಹೊಸದರಲ್ಲಿ ಇದನ್ನು ನೋಡಿ ಗಾಬರಿಯಾಗಿದ್ದೆ. ಈಗ ಅಭ್ಯಾಸವಾಗಿದೆ... ಮನೆ ಮುಟ್ಟುವಷ್ಟರಲ್ಲಿ ಪಲ್ಯಕ್ಕೆ ಎಲ್ಲ ರೆಡಿ!

ಟ್ರೇನ್ ಒಮ್ಮೆ ಜೋರಾಗಿ ಕುಲುಕಿತು.

"ಯವ್ವಾ!" ಎಂದರು ಅವರು. ಎಡಗೈ ತೋರುಬೆರಳಿನ ಬುಡದಲ್ಲಿ ಚಾಕು ಆಳಕ್ಕೆ ಇಳಿದಿತ್ತು. ಬೀನ್ಸೆಲ್ಲ ಕೆಂಪು.

ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಆದರೆ ಆ "ಯವ್ವಾ" ನಮ್ಮ ಅಜ್ಜಿಯ ಯವ್ವಾ. ಬ್ಯಾಗಿನಲ್ಲಿ ಅಮ್ಮ ಇಸ್ತ್ರಿ ಮಾಡಿ ಇಟ್ಟಿದ್ದ ಕರ್ಚೀಫು ತೆಗೆದು ಗಾಯದ ಮೇಲೆ ಒತ್ತಿ ಹಿಡಿದೆ.

ಅಷ್ಟರಲ್ಲಿ ಇಡೀ ಡಬ್ಬಿಯೇ ಡಾಕ್ಟರಾಯಿತು. "ಹಳದ್ ಲಾವಾ", ಅರಿಶಿನ ಹಚ್ಚಿ ಎಂದರು ಒಬ್ಬರು. ಇನ್ನೊಬ್ಬರು ಪರ್ಸಿನಿಂದ ಮುಖದ ಪೌಡರ್ ತೆಗೆದು, "ಯೇ ಡಾಲ್ ದೋ, ಬಂದ್ ಹೋ ಜಾಯೇಗಾ" ಎಂದರು, ಅದನ್ನು ಹಾಕಿದರೆ ರಕ್ತ ನಿಲ್ಲುತ್ತದಂತೆ. ನಾನು "ನಹೀ ನಹೀ ಆಂಟಿ, ಪ್ಲೀಸ್!" ಎಂದು ಕಿರುಚಿದೆ. ನಾನು ಪಬ್ಲಿಕ್ಕಿನಲ್ಲಿ ಕಿರುಚಿದ್ದು ಅದೇ ಮೊದಲು.

ಶಾಲೆಯಲ್ಲಿ ಫಸ್ಟ್ ಏಡ್ ಕ್ಲಾಸ್ ಆಗಿತ್ತು. ಬಟ್ಟೆ ಒತ್ತಿ ಹಿಡಿಯಬೇಕು, ಕೈ ಎದೆಗಿಂತ ಮೇಲಿರಬೇಕು, ನಡುನಡುವೆ ತೆಗೆದು ನೋಡಬಾರದು. ಎಲ್ಲ ನೆನಪಿತ್ತು. ಆದರೆ ನಾನು ಬಾಗಿಲಿಗೆ ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡುವ ಜಾತಿ. ಕರ್ಚೀಫು ಎತ್ತಿ ನೋಡಿದೆ, ರಕ್ತ. ಒತ್ತಿದೆ, ಮತ್ತೆ ಎತ್ತಿದೆ, ಮತ್ತೆ ರಕ್ತ...

"ಏನ್ ಬೇ ತಂಗಿ, ಅನ್ನ ಬೆಂದೈತಿಲ್ಲೋ ಅಂತ ನೋಡಿದಂಗ ನೋಡಾಕತ್ತಿ? ಮುಚ್ಚಳ ಮುಚ್ಚು ಸುಮ್ನ!"

"ಸಾರಿ ಅಕ್ಕಾ, ಟೆನ್ಶನ್ ಆಗ್ತಿದೆ..."

"ಕೊಯ್ದಿದ್ದು ನನ್ನ ಕೈ, ಟೆನ್ಶನ್ ನಿನಗೇನು?"

ಆಮೇಲೆ ನಾನು ಎತ್ತಲಿಲ್ಲ. ಕರ್ಚೀಫು ಪೂರ್ತಿ ನೆನೆದಾಗಲೂ ಅದನ್ನು ಕೀಳದೆ, ಮೇಲೆಯೇ ದುಪಟ್ಟಾ ಮಡಿಸಿಟ್ಟು ಇನ್ನೂ ಗಟ್ಟಿಯಾಗಿ ಒತ್ತಿದೆ. ನಿಂತಿದ್ದ ಪೌಡರ್ ಆಂಟಿ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದರಲ್ಲಿ ಅಕ್ಕನ ಮೊಣಕೈ ಎತ್ತಿ ಹಿಡಿದರು.

ಅಕ್ಕನ ಹೆಸರು ಸಾವಿತ್ರಕ್ಕ, ಊರು ವಿಜಯಪುರ, ಈಗ ಘಾಟ್ಕೋಪರ್‌ನ ವಠಾರದಂಥ ಚಾಳ್‌ನಲ್ಲಿ ಮನೆ. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವುದೇ ಅವರ ಕೆಲಸ. "ಬೆರಳ ಹೋದರ ರೊಟ್ಟಿ ಕಾಲಿಂದ ಬಡೀಲೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಘಾಟ್ಕೋಪರ್ ಬರುವಷ್ಟರಲ್ಲಿ ರಕ್ತ ಬಹುತೇಕ ನಿಂತಿತ್ತು. ಇಬ್ಬರೂ ಅಲ್ಲೇ ಇಳಿದೆವು; ಸ್ಟೇಷನ್ ಹತ್ತಿರದ ಕ್ಲಿನಿಕ್ಕಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸ್ಟಿಚ್ ಹಾಕಿದರು, ಟಿಟಿ ಚುಚ್ಚುಮದ್ದೂ ಆಯಿತು. ಅಕ್ಕನ ನಂಬರ್ ತೆಗೆದುಕೊಂಡು ಹಾಸ್ಟೆಲ್‌ಗೆ ಬಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೀರೋಯಿನ್ ಫೀಲಿಂಗ್ ಇತ್ತು!

ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. "ಆರಾಮ ಅದೀನಿ. ಬೆರಳ ತುದಿ ಮಾತ್ರ ನಂದ ಅಲ್ಲ ಅನಸಾಕತ್ತೈತಿ. ಮುಟ್ಟಿದರ ಗೊತ್ತಾಗವಲ್ದು."

ಇಂಜೆಕ್ಷನ್ನಿನ ಜೋಮು ಇಷ್ಟು ಹೊತ್ತು ಇರಲಿಕ್ಕಿಲ್ಲ, ಅಲ್ಲವೇ? ನರಕ್ಕೆ ಪೆಟ್ಟಾಗಿರಬಹುದು, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗೋಣ ಎಂದೆ. "ಬೆರಳ ತುದಿಗೆ ಆಸ್ಪತ್ರಿ ತುಂಬಾ ಅಡ್ಡಾಡ್ಲೇನು? ನಾಳೆ ಆರ್ಡರ್ ಐತಿ" ಎಂದು ಫೋನ್ ಇಟ್ಟರು. ಕ್ಲಿನಿಕ್ಕಿಗೆ ಭಾನುವಾರ ರಜೆ.

ಅವರನ್ನು ಕರೆದುಕೊಂಡು ಹೋಗಲು ಪವಾಯಿಯಿಂದ ಬಸ್ ಹತ್ತಿದ್ದೇನೆ. ನನ್ನ ಮಾತಿಗೆ ಅವರು ಏಳುವುದಿಲ್ಲ, ಡಾಕ್ಟರ್ ಹೇಳಿದರೆ ಎದ್ದಾರು.

ಇಲ್ಲಿ ಕನ್ನಡ ಮಾತಾಡುವ ಡಾಕ್ಟರ್ ಯಾರಾದರೂ ಇದ್ದರೆ, ಸಾವಿತ್ರಕ್ಕನಿಗೆ ಫೋನಿನಲ್ಲಿ ಎರಡು ಮಾತು ಹೇಳುತ್ತೀರಾ? ದಯವಿಟ್ಟು ಬೇಗ ರಿಪ್ಲೈ ಮಾಡಿ.